ಸಹಿಗೆ ಮೊದಲು ಓದಿ ಹೇಳಿ
ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯಲು ಸುಪ್ರೀಂ ಕೋರ್ಟ್ ಕೊಟ್ಟ 1997ರ ವಿಶಾಖಾ ತೀರ್ಪು ಹೆಣ್ಣುಮಕ್ಕಳಿಗೆ ಬಲ ಕೊಟ್ಟಿತು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಿಜ. ಆದರೂ ಕಾನೂನು ಬರಲು 2013 ಆಯಿತು. ನಮ್ಮ ಕಾಸರಗೋಡಿನಲ್ಲಿ ಇನ್ನೊಂದು ತೊಡಕಿದೆ, ಭಾಷೆಯದು.

ಗಂಡನ ಹೊಡೆತ ತಾಳಲಾರದೆ ದೂರು ಕೊಡಲು ಹೊರಟ ನೆರೆಮನೆಯ ಅಕ್ಕನ ಜೊತೆ ನಾನೂ ಹೋಗಿದ್ದೆ. ಅಕ್ಕ ಹೇಳಿದ್ದು ಕನ್ನಡದಲ್ಲಿ, ಪೊಲೀಸರು ಬರೆದದ್ದು ಮಲಯಾಳದಲ್ಲಿ. ಅಕ್ಕ ಕಲಿತದ್ದು ಕನ್ನಡ ಶಾಲೆಯಲ್ಲಿ. ಪೆನ್ನು ಹಿಡಿದು ಕಾಗದವನ್ನೇ ನೋಡುತ್ತಾ ಕೂತರು. ಒಂದಕ್ಷರ ಗೊತ್ತಾಗಲಿಲ್ಲ. ಕೊನೆಗೆ ಸುಮ್ನೆ ಸಹಿ ಹಾಕಿದರು. ಕಣ್ಣು ತುಂಬಿತ್ತು.

ದೂರು ಬರೆದುಕೊಂಡವರು ಅದನ್ನು ಓದಿ ಹೇಳಬೇಕು, ಪ್ರತಿಯನ್ನು ಪುಕ್ಕಟೆ ಕೊಡಬೇಕು ಎಂದು ಕಾನೂನೇ ಹೇಳುತ್ತದೆ. ಅರ್ಥವಾಗುವ ಭಾಷೆಯಲ್ಲಿ ಓದದಿದ್ದರೆ ಏನು ಪ್ರಯೋಜನ, ಅಲ್ವಾ? ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುವ 1987ರ ಕಾಯಿದೆಯೂ ಇದೆ. ಕನ್ನಡ ಬಲ್ಲ ವಕೀಲರೇ ಬೇಕು ಎಂದು ಈ ವಾರ ಅರ್ಜಿ ಕೊಡುತ್ತಿದ್ದೇವೆ.