ಕೆಂಪು, ಹಸಿರು, ಚಿನ್ನ ಮತ್ತು ಇಂದಾದ್

ಡಿಸೆಂಬರ್ ಮೊದಲ ವಾರದಲ್ಲೇ ದುಬೈಯಿಂದ ಆಜ್ಞೆ ಬಂದಿತ್ತು. ಈ ಸಲ ಕ್ರಿಸ್‌ಮಸ್ ಮರಕ್ಕೆ ಕೆಂಪು, ಹಸಿರು, ಚಿನ್ನ, ಮೂರೇ ಬಣ್ಣ. ಬೇರೆ ಒಂದೂ ಕಾಣಕೂಡದು. ಹೊರಡಿಸಿದವಳು ನನ್ನ ತಮ್ಮನ ಹೆಂಡತಿ. ಜೊತೆಗೆ ವಾಟ್ಸಾಪ್‌ನಲ್ಲಿ ಒಂದು ಫೋಟೊ: ಬೆಂಕಿ ಉರಿಯುವ ಗೂಡು, ಪಕ್ಕದಲ್ಲಿ ಮರ, ಸುತ್ತ ಒಂದು ಚಪ್ಪಲಿ, ಒಂದು ಪೇಪರು ಕೂಡ ಬಿದ್ದಿರದ ಕೋಣೆ. ಕೆಳಗೆ ಒಂದೇ ಪದ, ‘ಕ್ಲಾಸಿಕ್’.

ಮಮ್ಮಿ ಕನ್ನಡಕ ಏರಿಸಿ ನೋಡಿ, “ಚಂದ ಉಂಟು. ಗೋದಲಿ ಎಲ್ಲಿ?” ಎಂದರು.

ನಮ್ಮ ಉಡುಪಿ, ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ಮರ ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು. ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಮಾದರಿ, ಇಲ್ಲದೆ ಹಬ್ಬವೇ ಇಲ್ಲ. ಹಬ್ಬಕ್ಕೆ ಇನ್ನೂ ದಿನಗಳಿರುವಾಗಲೇ ಹರಿವಾಣದಲ್ಲಿ ರಾಗಿಯೋ ಭತ್ತವೋ ಬಿತ್ತಿ, ದಿನಾ ನೀರು ಚಿಮುಕಿಸಿ, ಬಾಲಯೇಸುವಿನ ಕುರಿಗಳಿಗೆ ಹುಲ್ಲುಗಾವಲು ಬೆಳೆಸುತ್ತೇವೆ. ಪಪ್ಪ ನಿವೃತ್ತ ಮಾಸ್ತರರು. ಇಸವಿ ಇಲ್ಲದೆ ಮಾತಾಡಿದರೆ ಅವರಿಗೆ ಅಜೀರ್ಣ. “ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊದಲ್ಲಿ ಗೋದಲಿ ಮಾಡಿದ್ದು 1223ರಲ್ಲಿ. ವ್ಯಾಟಿಕನ್ನಿನ ಸಂತ ಪೀಟರರ ಚೌಕದಲ್ಲಿ ಮೊದಲ ಮರ ನಿಂತದ್ದು 1982ರಲ್ಲಿ. ಆ ಲೆಕ್ಕದಲ್ಲಿ ಅಲ್ಲಿನ ಮರ ನಮ್ಮ ಮಗನಿಗಿಂತ ಚಿಕ್ಕದು” ಎಂದರು. ಮಗ ದುಬೈಯಲ್ಲಿ ಇದ್ದ, ಹಾಗಾಗಿ ಅವನಿಗೆ ಬೇಸರ ಆಗಲಿಲ್ಲ.

ಹಬ್ಬಕ್ಕೆ ವಾರ ಇರುವಾಗ ತಮ್ಮ, ಅವನ ಹೆಂಡತಿ, ಮಗ ಮೂವರೂ ಬಂದಿಳಿದರು. ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಹೆಚ್ಚು ಕೆಂಪು ರಿಬ್ಬನ್ನು. ಪ್ಲಾಸ್ಟಿಕ್ ಮರ ತರುತ್ತೇನೆ ಎಂದಿದ್ದಳಂತೆ, ವಿಮಾನದವರು ಬಿಡುವ ತೂಕದಲ್ಲಿ ಅದು ಕೂರಲಿಲ್ಲ. ಹಾಗಾಗಿ ಪ್ರತಿ ವರ್ಷದಂತೆ ತೆಂಗಿನಕಾಯಿ ಕೀಳಲು ಬರುವ ಅಣ್ಣ ಗಾಳಿಮರದ ಒಂದು ದೊಡ್ಡ ಗೆಲ್ಲನ್ನು ಸ್ಕೂಟರಿನ ಹಿಂದೆ ಅಡ್ಡಡ್ಡ ಕಟ್ಟಿಕೊಂಡು, ದಾರಿಯಲ್ಲಿ ಎದುರಾದವರನ್ನೆಲ್ಲ ಗುಡಿಸಿಕೊಂಡು ಬಂದ. ಹಳೆಯ ಪೇಂಟ್ ಡಬ್ಬಕ್ಕೆ ಹೊಯ್ಗೆ ತುಂಬಿಸಿ ನಿಲ್ಲಿಸಿದೆವು. ಗೆಲ್ಲು ಮರದಲ್ಲಿದ್ದಾಗ ಬಿಸಿಲಿದ್ದ ಕಡೆಗೆ ಬೆಳೆದದ್ದು. ಡಬ್ಬದಲ್ಲೂ ಅದು ತನ್ನ ಹಟ ಬಿಡಲಿಲ್ಲ, ಟಿವಿಯ ಕಡೆಗೆ ವಾಲಿಕೊಂಡೇ ನಿಂತಿತು.

“ಇದು ಹಸಿರಲ್ಲ ಅಲ್ವಾ?” ಎಂದಳು ತಮ್ಮನ ಹೆಂಡತಿ.

ಅವಳು ಹೇಳಿದ್ದು ಸರಿ. ಗಾಳಿಮರದ್ದು ಹಸಿರೂ ಅಲ್ಲ, ಬೂದಿಯೂ ಅಲ್ಲ ಎನ್ನುವ ಬಣ್ಣ. ಮೇಲಾಗಿ ಅದು ಪೈನ್ ಜಾತಿಯದ್ದೇ ಅಲ್ಲ. 19ನೇ ಶತಮಾನದಲ್ಲಿ ಕಾರವಾರದ ಕರಾವಳಿಯಲ್ಲಿ ಸೌದೆಗೆಂದು ನೆಡಿಸಿದ ಮರ. ಸೂಜಿಯೆಲೆ ಎಂದು ನಾವು ಕರೆಯುವುದು ಎಲೆಯೇ ಅಲ್ಲ, ಗೆಣ್ಣು ಗೆಣ್ಣಾದ ಸಪೂರ ಕಡ್ಡಿ. ನಿಜವಾದ ಎಲೆ ಆ ಗೆಣ್ಣಿನ ಸುತ್ತ ಕಣ್ಣಿಗೆ ಕಂಡೂ ಕಾಣದ ಚಕ್ಕೆಗಳಾಗಿ ಇರುತ್ತದೆ. ಕಡಲ ತೀರದಲ್ಲಿ ಬೆಳೆದ ಮಕ್ಕಳಿಗೆಲ್ಲ ಇದರ ಆಟ ಗೊತ್ತು: ಒಂದು ಗೆಣ್ಣನ್ನು ಮೆಲ್ಲ ಎಳೆದು ಬಿಡಿಸುವುದು, ಮತ್ತೆ ಅಲ್ಲೇ ಸಿಕ್ಕಿಸಿ, ಎಲ್ಲಿ ಮುರಿದದ್ದು ಹೇಳು ನೋಡುವ ಎಂದು ಕೇಳುವುದು. ನಾನು ತಮ್ಮನ ಮಗನಿಗೆ ಕಲಿಸಿಕೊಟ್ಟೆ. ಅವನು ಮಧ್ಯಾಹ್ನದೊಳಗೆ ಮರದ ಕೆಳಗಿನ ಅರ್ಧವನ್ನು ಬಿಡಿಸಿ ಇಟ್ಟ. ಸಿಕ್ಕಿಸುವ ಭಾಗ ಅವನಿಗೆ ಅಷ್ಟು ಇಷ್ಟವಾಗಲಿಲ್ಲ.

ಅಂಥ ಕಡ್ಡಿಗೆ ಯಾವ ಚೆಂಡು ತೂಗಿಸಿದರೂ ಜಾರಿ ಕೆಳಗೆ. ದುಬೈಯ ಕೆಂಪು ಚೆಂಡುಗಳು ಒಂದೊಂದಾಗಿ ಟಪ್ ಟಪ್ ಬಿದ್ದು ಸೋಫಾದ ಅಡಿ ಸೇರಿದವು. ಬೆಕ್ಕಿಗೆ ಹಬ್ಬ ಎಲ್ಲರಿಗಿಂತ ಮೊದಲೇ ಶುರುವಾಯಿತು.

ಆ ಹೊತ್ತಿಗೆ ಮಮ್ಮಿ ಅಟ್ಟದಿಂದ ಟ್ರಂಕು ಇಳಿಸಿದರು. ಅದನ್ನು ಇಳಿಸುತ್ತಾರೆಂದು ತಮ್ಮನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಅವಳಿಗೆ ಹೇಳುವ ಧೈರ್ಯ ಮಾತ್ರ ಇಬ್ಬರಿಗೂ ಇರಲಿಲ್ಲ. ಒಳಗೆ ಬೇಗಡೆ ಕಾಗದ ಸುತ್ತಿದ ಬೆಂಕಿಪೊಟ್ಟಣಗಳು, ನೇರಳೆ ಬಣ್ಣದ ಥರ್ಮೋಕೋಲ್ ಗಂಟೆ, ಒಂದು ಕಣ್ಣಿಲ್ಲದ ದೇವದೂತ, ನಮ್ಮ ಮಾಮ ಕುವೈತಿನಿಂದ ತಂದ ತೆಳು ಗಾಜಿನ ಚೆಂಡು, ಮತ್ತೆ ನೀಲಿ ಗಾಜುಕಾಗದದ ನಕ್ಷತ್ರ. ಗಾಜಿನ ಚೆಂಡಿನ ಬಣ್ಣ ಎದ್ದುಹೋಗಿ ಒಳಗಿನ ಬೆಳ್ಳಿ ಕಾಣುತ್ತಿತ್ತು, ಹಾಗಾಗಿ ಅದನ್ನು ಯಾವ ಪಂಗಡಕ್ಕೂ ಸೇರಿಸಲಾಗದೆ ಬಿಟ್ಟೆವು. ಜಗಳ ಶುರುವಾದದ್ದು ನೀಲಿಯಲ್ಲಿ.

“ಮಮ್ಮಿ, ಮೂರೇ ಬಣ್ಣ ಅಂತ ಹೇಳಿದ್ದೆನಲ್ಲ.”

“ಹೇಳಿದ್ದೀ ಬಾಯೆ. ಮಾತೆ ಮರಿಯಮ್ಮನ ಸೆರಗು ಯಾವ ಬಣ್ಣ?”

ಗೋದಲಿಯ ಮರಿಯಮ್ಮ ಅಲ್ಲೇ ಎದುರಿಗೆ, ನೀಲಿ ಸೆರಗು ಹೊದ್ದು ಮೊಣಕಾಲೂರಿದ್ದರು. ಇದಕ್ಕೆ ಉತ್ತರ ಕೊಡಲು ದುಬೈಯಿಂದ ಬಂದವರಿಗೂ ಆಗುವುದಿಲ್ಲ. ನೀಲಿ ನಕ್ಷತ್ರ ಮರದ ತುದಿಗೆ ಏರಿತು. ತಮ್ಮನ ಹೆಂಡತಿ ಅದರ ಐದು ಮೂಲೆಗಳಲ್ಲಿ ಮೂರಕ್ಕೆ ಕೆಂಪು ರಿಬ್ಬನ್ ಸುತ್ತಿ ಬಂದಳು. ರಾಜಿ ಎಂದರೆ ಅಷ್ಟೇ.

ಪಪ್ಪ ಇಷ್ಟರವರೆಗೆ ಸುಮ್ಮನಿದ್ದದ್ದೇ ಹೆಚ್ಚು. “ಕ್ಲಾಸಿಕ್ ಅಂತೀರಲ್ಲ, ಎಡಿಸನ್ನನ ಜೊತೆಗಾರ ಜಾನ್ಸನ್ ಅಂತ ಒಬ್ಬ ನ್ಯೂಯಾರ್ಕಿನಲ್ಲಿ ಮೊದಲ ಸಲ ಮರಕ್ಕೆ ವಿದ್ಯುತ್ ದೀಪ ಹಾಕಿದ್ದು 1882ರಲ್ಲಿ. 80 ಬಲ್ಬು. ಯಾವ ಬಣ್ಣ? ಕೆಂಪು, ಬಿಳಿ, ನೀಲಿ!” ಎಂದು ಮಮ್ಮಿಯ ಕಡೆ ನೋಡಿ ಹುಬ್ಬು ಹಾರಿಸಿದರು. ಐವತ್ತು ವರ್ಷದ ಸಂಸಾರದಲ್ಲಿ ಅವರು ಮಮ್ಮಿಯ ಪರ ಇಸವಿ ಹೇಳಿದ್ದು ನಾನು ಕೇಳಿದ್ದು ಅಪರೂಪ.

ಅವಳು ಕೈಬಿಡಲಿಲ್ಲ. ದೀಪಕ್ಕಾದರೂ ಚಿನ್ನದ ಬಣ್ಣವೇ ಇರಲಿ ಎಂದು ತಮ್ಮನನ್ನು ಪೇಟೆಗೆ ಓಡಿಸಿದಳು. ಮೇಣದಬತ್ತಿ ಹಚ್ಚುವ, ರಾಣಿ ವಿಕ್ಟೋರಿಯಾಳ ಅರಮನೆಯಲ್ಲಿ ಹಾಗೇ ಇತ್ತು, 1848ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರವೇ ಬಂದಿತ್ತು ಎಂದು ಪಪ್ಪ ಸೂಚಿಸಿದರು. ಮಮ್ಮಿ ಒಂದೇ ಮಾತಿನಲ್ಲಿ ಮುಗಿಸಿದರು: “ಗಾಳಿಮರದ ಸೌದೆ ಹಸಿ ಇದ್ದರೂ ಉರಿಯುತ್ತದೆ. ರಾಣಿಗೆ ಬೇರೆ ಅರಮನೆ ಇತ್ತು.”

ತಮ್ಮ ತಂದ ಸೀರಿಯಲ್ ಸೆಟ್ಟಿನ ಡಬ್ಬದ ಮೇಲೆ ಬರೆದದ್ದು ಚಿನ್ನದ ಬೆಳಕು. ಸ್ವಿಚ್ ಹಾಕಿದರೆ ಏಳೂ ಬಣ್ಣ ಒಂದರ ಹಿಂದೆ ಒಂದು ಓಡಿ, ನಿಂತು, ಮತ್ತೆ ಓಡಿದವು. ಸಾಲದ್ದಕ್ಕೆ ವಯರಿನ ನಡುವಿನ ಪುಟ್ಟ ಡಬ್ಬಿಯಿಂದ ಸೊಳ್ಳೆ ಧ್ವನಿಯ ಸಂಗೀತ. ಅದನ್ನು ನಿಲ್ಲಿಸಲು ಬೇರೆ ಗುಂಡಿ ಇಲ್ಲ, ಬೆಳಕು ಬೇಕಿದ್ದರೆ ಹಾಡು ಕೇಳಲೇಬೇಕು. ಹಿಂದಿರುಗಿಸಲು ಹೋದ ತಮ್ಮನಿಗೆ ಅಂಗಡಿಯವರು, “ಇದರಲ್ಲಿ ಚಿನ್ನದ ಬಣ್ಣವೂ ಬರ್ತದೆ ಸರ್, ಸ್ವಲ್ಪ ಕಾಯಬೇಕು” ಎಂದರಂತೆ. ನಿಜವೇ. ಕಾದರೆ ಬರುತ್ತಿತ್ತು.

ಚಿನ್ನದ ಜರಿಮಾಲೆಯ ವಿಷಯ ಹೆಚ್ಚು ಹೇಳುವುದಿಲ್ಲ. ಅದು ಉದುರಿ ಮನೆ ತುಂಬ ಓಡಾಡಿತು. ಪಕ್ಕದ ಮನೆಗಳಿಗೆ ಹಂಚಲು ಇಟ್ಟ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳ ತಟ್ಟೆಗೂ ಹೋಯಿತು. ಕರಿಗಡುಬಿನಂಥ ನೆವ್ರಿಯಲ್ಲಿ ಜರಿ ಸಿಕ್ಕ ಎದುರು ಮನೆಯ ಅಕ್ಕ ಗೇಟಿನಲ್ಲಿ ನಿಂತು, “ಈ ಸಲ ಬಂಗಾರವೇ ಹಾಕಿದ್ದೀರಲ್ಲ ಮಾರಾಯ್ರೆ” ಎಂದು ಕೂಗಿದರು.

ಈಗ ಉಳಿದದ್ದು ಕೆಂಪು. ಚೆಂಡುಗಳಲ್ಲಿ ಅರ್ಧ ಬೆಕ್ಕಿನ ವಶ. ಪಪ್ಪ ಮತ್ತೆ ಪೀಠವೇರಿದರು. ಡಿಸೆಂಬರ್ 24 ಆದಾಮ ಮತ್ತು ಹವ್ವಳ ಹಬ್ಬ, ಹಿಂದೆ ಜರ್ಮನಿಯಲ್ಲಿ ಆ ದಿನ ಏದೆನ್ ತೋಟದ ನಾಟಕ ಆಡುತ್ತಿದ್ದರು, ಅದರಲ್ಲಿ ಮರಕ್ಕೆ ಸೇಬು ಕಟ್ಟುತ್ತಿದ್ದರು, ಕ್ರಿಸ್‌ಮಸ್ ಮರದ ಕೆಂಪು ಬಂದದ್ದೇ ಅಲ್ಲಿಂದ. ಸೇಬು ಕೊಳ್ಳಲು ದುಡ್ಡಿಲ್ಲದ ಒಬ್ಬ ಗಾಜುಗಾರ ಲೌಶಾ ಎಂಬ ಊರಿನಲ್ಲಿ ಗಾಜಿನ ಸೇಬು ಊದಿದ ಎಂಬ ಕತೆಯೂ ಇದೆ. “ಹಾಗಾದರೆ ಸೇಬೇ ಕಟ್ಟುವ” ಎಂದಳು ಅವಳು, ಸೋಲೊಪ್ಪದ ಮುಖ ಮಾಡಿ. ಒಂದು ಕಟ್ಟಿದಳು. ಗೆಲ್ಲು ಟಿವಿಗೆ ನಮಸ್ಕಾರ ಮಾಡಿತು. ಎರಡನೆಯದನ್ನು ಕಟ್ಟುವ ಮೊದಲೇ ಹುಡುಗ ಕಚ್ಚಿದ್ದ, ಏದೆನ್ ತೋಟದಲ್ಲಿ ಆದ ಹಾಗೆಯೇ.

ಉಪಾಯ ಹೊಳೆದದ್ದೂ ಆ ಹುಡುಗನಿಗೇ. ಅಂಗಳದಲ್ಲಿ ಮಮ್ಮಿ ಬಿಸಿಲಿಗೆ ಹಾಕಿದ್ದ ಬ್ಯಾಡಗಿ ಮೆಣಸಿನ ಚಾಪೆಯಿಂದ ಒಂದು ಬೊಗಸೆ ತಂದು ಅಮ್ಮನ ಮುಂದೆ ಸುರಿದ. ಕಡುಗೆಂಪು, ಸುಕ್ಕು ಸುಕ್ಕು, ಹಗುರ. ತೊಟ್ಟಿಗೆ ದಾರ ಕಟ್ಟಿದರೆ ಗಾಳಿಮರ ಕೂಡ ತಕರಾರಿಲ್ಲದೆ ಹೊರುತ್ತದೆ. ಅವಳ ಮುಖ ಅರಳಿತು. ಕೂತು ಕೂತು ಮರದ ತುಂಬ ಕಟ್ಟಿದಳು. ಹುಡುಗ ಕೆಲವಕ್ಕೆ ಅಂಟು ಸವರಿ ಮಿನುಗು ಪುಡಿ ಮೆತ್ತಿದ, ಆಮೇಲೆ ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡು ಸಂಜೆಯಿಡೀ ತಣ್ಣೀರಿನ ತಂಬಿಗೆಯ ಪಕ್ಕ ಕಳೆದ. ಸತ್ಯ ಹೇಳಬೇಕೆಂದರೆ ಮರ ಚೆನ್ನಾಗಿಯೇ ಕಾಣುತ್ತಿತ್ತು. ಕಾಯಿ ಕೀಳುವ ಅಣ್ಣ ದುಡ್ಡಿಗೆ ಬಂದವ ಒಮ್ಮೆ ಇಣುಕಿ, “ದೃಷ್ಟಿಗಾ? ಹಾಗಾದರೆ ನಾಲ್ಕು ಲಿಂಬೆ ಕೂಡ ಕಟ್ಟಿ” ಎಂದ. ಅವಳು ಆ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಕೆಂಪು ಮೆಣಸಿನ ಫೋಟೊ ದುಬೈಯ ಗೆಳತಿಯರಿಗೆ ಹೋಯಿತು. ಅಲ್ಲಿಂದ ಹೃದಯಗಳ ಮಳೆ. ಎಲ್ಲಿ ಸಿಗುತ್ತದೆ ಎಂದು ಒಬ್ಬಳು ಕೇಳಿದಳಂತೆ.

ಇಪ್ಪತ್ತನಾಲ್ಕರ ಬೆಳಿಗ್ಗೆ ನಾನು ಎದ್ದಾಗ ಮಮ್ಮಿ ಮರದ ಬುಡದಲ್ಲಿ ಬೆತ್ತದ ಬುಟ್ಟಿ ಹಿಡಿದು ನಿಂತಿದ್ದರು. ರಾತ್ರಿ ಬಲಿಪೂಜೆ ಮುಗಿಸಿ ಬಂದು ತಿನ್ನುವ ಸಾನ್ನಕ್ಕೆ, ಅಂದರೆ ಇಡ್ಲಿಯಂಥ ಅಕ್ಕಿ ತಿಂಡಿಗೆ, ಇಂದಾದ್ ಎಂಬ ಹುಳಿಖಾರದ ಹಂದಿ ಪದಾರ್ಥ ಆಗಲೇಬೇಕು. ಇಂದಾದಿಗೆ ಪುಡಿ ಆಗುವುದಿಲ್ಲ, ಇಡಿ ಮೆಣಸೇ ಹಾಕಿ ವಿನೆಗರಿನಲ್ಲಿ ಅರೆಯಬೇಕು. ಹಬ್ಬದ ಮುನ್ನಾದಿನ ಪೇಟೆಯ ಗದ್ದಲದಲ್ಲಿ ಮೆಣಸು ಹುಡುಕಿಕೊಂಡು ಹೋಗಲು ಅವರೇನು ಹುಚ್ಚರಲ್ಲ. ದಾರ ಕತ್ತರಿಸಿ, ಮೆಣಸು ಬುಟ್ಟಿಗೆ, ದಾರ ಮರಕ್ಕೆ. ಮಿನುಗು ಹಚ್ಚಿದ್ದನ್ನು ಮಾತ್ರ ಮೂಸಿ ನೋಡಿ ಅಲ್ಲೇ ಬಿಟ್ಟರು. ಬೆಳಕು ಓಡುತ್ತಿತ್ತು, ಡಬ್ಬಿ ಹಾಡುತ್ತಿತ್ತು.

ತಮ್ಮನ ಹೆಂಡತಿ ಕಾಫಿ ಲೋಟ ಹಿಡಿದು ಹಾಲಿಗೆ ಬಂದವಳು ಅಲ್ಲೇ ನಿಂತಳು. ಮರದ ಮೇಲೆ ಬೂದು ಹಸಿರು, ಉದುರಿ ಉಳಿದ ಜರಿ, ತುದಿಯಲ್ಲಿ ನೀಲಿ ನಕ್ಷತ್ರ.

“ಮಮ್ಮಿ, ಕೆಂಪು ಎಲ್ಲಿ?”

“ಗ್ರೈಂಡರಿನಲ್ಲಿ ಉಂಟು ಬಾಯೆ” ಎಂದರು ಮಮ್ಮಿ ಅಡುಗೆಮನೆಯಿಂದ. “ಒಳ್ಳೆ ಬಣ್ಣ ಬಂದಿದೆ, ಬಂದು ನೋಡು.”