ಹಗೆ ಅಂದ್ರೆ ಗುಂಡೀನೂ ಹೌದು

ನಮ್ಮಜ್ಜಿಗೂ ಪಕ್ಕದ್ಮನೆ ಅಜ್ಜಿಗೂ ಒಂದು ನುಗ್ಗೆಮರದ ವಿಷಯಕ್ಕೆ 20 ವರ್ಷ ಮಾತಿರಲಿಲ್ಲ. ಮರ ಅವರದ್ದು, ಕೊಂಬೆ ನಮ್ಮ ಕಡೆ, ಕಾಯಿ ಯಾರದ್ದು ಅಂತ. ಅದನ್ನ ಅಜ್ಜಿ ಯಾವತ್ತೂ ಹಗೆ ಅಂತ ಕರೀಲಿಲ್ಲ, "ಅವ್ರಿಗೂ ನಮಗೂ ಆಗ್ಬರಲ್ಲ ಕಣೋ", ಅಷ್ಟೇ.

ಹಗೆ ಈಗ ಪುಸ್ತಕದ ಪದ ಆಗ್ಬಿಟ್ಟಿದೆ, ಬಾಯಲ್ಲಿ ಓಡಾಡೋದು ಜಿದ್ದು, ದ್ವೇಷ, ಹೊಟ್ಟೆಕಿಚ್ಚು. ಜಿದ್ದು ಅರಬ್ಬಿಯಿಂದ ಉರ್ದು ದಾಟಿ ಬಂದಿದ್ದು, ದ್ವೇಷ ಸಂಸ್ಕೃತದ್ದು, ವೈರ ಅಂತೂ 'ವೀರ'ದಿಂದ ಹುಟ್ಟಿದ್ದು (ನುಗ್ಗೆಕಾಯಿಗೆ ಜಗಳ ಆಡೋರಿಗೆ ಇದು ಸ್ವಲ್ಪ ಜಾಸ್ತಿ ಆಯ್ತು). ಹಗೆ ಮಾತ್ರ ಮನೇದೇ. ಹಳಗನ್ನಡದಲ್ಲಿ ಪಗೆ, ಪಾಲು ಹಾಲಾಗಿ ಪುಲಿ ಹುಲಿಯಾದ ಹಾಗೆ ಇದೂ ಹಗೆ ಆಯ್ತು. ತಮಿಳಲ್ಲಿ ಪಗೈ, ತೆಲುಗಲ್ಲಿ ಪಗ, ಮಲಯಾಳದಲ್ಲಿ ಪಕ, ತುಳುವಲ್ಲಿ ಇವತ್ತಿಗೂ ಪಗೆನೇ. ಅಂದ್ರೆ ಈ ಭಾಷೆಗಳೆಲ್ಲ ಒಟ್ಟಿಗಿದ್ದಾಗಲೇ ಪದ ಇತ್ತು, ಮನೆ ಪಾಲಾದಾಗ ಪಾತ್ರೆಪಡಗದ ಜೊತೆ ಎಲ್ಲರೂ ಇದನ್ನೂ ಎತ್ಕೊಂಡು ಹೋಗಿದಾರೆ.

ನನಗೆ ಮಜಾ ಅನ್ಸೋದು ಇನ್ನೊಂದು ಹಗೆ. ಕಾಳು ತುಂಬಿಡೋ ನೆಲದೊಳಗಿನ ಗುಂಡಿ, ಹಗೇವು ಅಂತಾರಲ್ಲ, ನಿಘಂಟಲ್ಲಿ ಅದಕ್ಕೂ ಹಗೆ ಅಂತಿದೆ. ಉಚ್ಚಾರ ಒಂದೇ ಅಂತ ನೆಂಟಸ್ತಿಕೆ ಕಟ್ಟಬಾರದು, ಗೊತ್ತು, ಆದ್ರೂ ಕೇಳಿ. ಬಾಯಿ ಚಿಕ್ಕದು, ಒಳಗೆ ಗುಡಾಣದ ಥರ ಅಗಲ, ಸುತ್ತ ಹುಲ್ಲು ಕೊಟ್ಟು ರಾಗಿ ಸುರಿದು ಮೇಲೆ ಚಪ್ಪಡಿ ಇಟ್ಟು ಮಣ್ಣು ಮುಚ್ಚಿದ್ರೆ ವರ್ಷಗಟ್ಟಲೆ ಹುಳ ಹತ್ತಲ್ಲ. ಆದ್ರೆ ತೆಗೆದ ತಕ್ಷಣ ಇಳಿಯಂಗಿಲ್ಲ, ಒಳಗೆ ಕೆಟ್ಟ ಗಾಳಿ ಕಟ್ಕೊಂಡಿರತ್ತೆ, ಹಾಗೆ ಇಳಿದು ಉಸಿರುಕಟ್ಟಿ ಸತ್ತೋರಿದಾರೆ. ಮೊದಲು ಹಗ್ಗಕ್ಕೆ ದೀಪ ಕಟ್ಟಿ ಬಿಡೋದು, ಆರದೆ ಉರಿದ್ರೆ ಮಾತ್ರ ಮನುಷ್ಯ ಇಳಿಯೋದು.

ಆ ನುಗ್ಗೆಮರ ಯಾವುದೋ ಮಳೆಗಾಳಿಗೆ ಬಿದ್ದೇ ಎಷ್ಟೋ ಕಾಲ ಆಗಿತ್ತು. ಪಕ್ಕದ್ಮನೆ ಅಜ್ಜಿ ತೀರ್ಕೊಂಡ ದಿನ ನಮ್ಮಜ್ಜಿ ಊಟ ಮಾಡ್ಲಿಲ್ಲ, ಒಳಗಿನ ರೂಮಲ್ಲಿ ಗೋಡೆ ಕಡೆ ತಿರುಗಿ ಮಲಗಿಬಿಟ್ರು. ಸದ್ಯ ಇಲ್ಲಿಗೆ ಮುಗೀತು ಅಂದ್ಕೊಂಡ್ವಿ. ತಿಥಿ ದಿನ ಸಂಜೆ ಜಗಲಿ ಮೇಲೆ ಕೂತು ಎಲಡಿಕೆಗೆ ಸುಣ್ಣ ಹಚ್ತಾ ಹಚ್ತಾ, "ನೋಡ್ದೇನೋ, ಅವಳ ಸೊಸೆ ಒಂದು ಮಾತು ಕರೀಲಿಲ್ಲ" ಅಂದ್ರು.