ಅವ್ವ ಮುಚ್ಚಿದ್ಲು, ಸರ್ವರ್ ಮಲಗ್ತು

ನಮ್ಮ ರಾಯಚೂರಿನ ಬ್ಯಾಸಿಗಿ ಗೊತ್ತಲ್ಲ, ಮೇ ತಿಂಗಳದಾಗ 41 ಡಿಗ್ರಿ ಇದ್ರ 'ಇವತ್ತ ಸ್ವಲ್ಪ ತಣ್ಣಗದ' ಅಂತ ಮಾತಾಡ್ತೀವಿ. ಅಂಥಾ ಬಿಸಿಲಾಗ ನಾನು ಒಂದು ಹಳೆ ಲ್ಯಾಪ್‌ಟಾಪಿಗೆ ಡೆಬಿಯನ್ ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿ ಟಿವಿ ಬಾಜು ಇಟ್ಟು, ಇನ್ಮ್ಯಾಲ ಇದಾ ನಮ್ಮನಿ ಸರ್ವರ್ ಅಂದೆ. ಅವ್ವ ಅದನ್ನ ಮ್ಯಾಲಿಂದ ಕೆಳಗ ನೋಡಿ "ರೇಷನ್ ಅಂಗಡ್ಯಾಗ ದಿನಾ ಡೌನ್ ಆಗ್ತದಲ್ಲ, ಅದಾ?" ಅಂದ್ಲು. ಬಾಯಾಗ ಏನು ವಿಷ ಇತ್ತೋ!

ಮೊದ್ಲು ಹಾಕಿದ್ದು ಪೈ-ಹೋಲ್, ಮನ್ಯಾಗಿನ ಎಲ್ಲಾ ಫೋನಿಗೂ ಜಾಹೀರಾತು (ಆಡ್) ತಡಿಯೋ ಸಾಫ್ಟ್‌ವೇರ್. ರೌಟರಿನಾಗ ಡಿಎನ್ಎಸ್ (ಸೈಟಿನ ಹೆಸ್ರು ಕೇಳಿ ಅದರ ವಿಳಾಸ ಹೇಳೋದು) ಅಂತ ಲ್ಯಾಪ್‌ಟಾಪಿನ ಅಡ್ರೆಸ್ ಕೊಟ್ರ ಆತು, ಮನ್ಯಾಗಿನ ಯಾವ ಫೋನಿಗೆ ಯಾವ ಸೈಟ್ ಬೇಕಂದ್ರೂ ಇದರ ಹತ್ರ ಬಂದು ವಿಳಾಸ ಕೇಳ್ಬೇಕು, ಆಡ್, ಇಲ್ಲಾ ನಾವು ಏನ್ ನೋಡ್ತೀವಿ ಅಂತ ಕಣ್ಣಿಡೋ ಕಂಪನಿಯೋರ ಟ್ರ್ಯಾಕರಿನ ಹೆಸ್ರಾದ್ರ 'ಅಂಥೋರು ಯಾರೂ ಇಲ್ಲ, ಮುಂದ ನಡಿ' ಅಂತ ಕಳಸಿಬಿಡ್ತದ. ಕರೆಂಟ್ ಹೋದ್ರೂ ಲ್ಯಾಪ್‌ಟಾಪಿಗೆ ಬ್ಯಾಟ್ರಿ ಅದ, ಯುಪಿಎಸ್ ರೊಕ್ಕ ಉಳೀತು ಅಂತ ಬೇರೆ ಖುಷಿ.

ಮೂರನೇ ದಿನ ಆಫೀಸಿನಾಗಿದ್ದೆ, ಅಪ್ಪನ ಫೋನು, "ನೆಟ್ ಸತ್ತದ." ರೌಟರಿನ ಲೈಟು ಹಸುರಾ ಅದ ಅಂತಾನ, ಆದ್ರ ಒಂದೂ ಓಪನ್ ಆಗವಲ್ದು. ಮನಿಗೆ ಓಡಿ ಬಂದು ನೋಡಿದ್ರ ಲ್ಯಾಪ್‌ಟಾಪ್ ಮುಚ್ಚೇದ, ಮ್ಯಾಲ ಕ್ರೋಶಾ ಬಟ್ಟಿ, ಅದರ ಮ್ಯಾಲ ಪ್ಲಾಸ್ಟಿಕ್ ಹೂವಿನ ಕುಂಡ. "ಧೂಳು ಬೀಳ್ತದಲ್ಲೋ, ತಗದಿಟ್ರ ಹೆಂಗ?" ಅಂದ್ಲು ಅವ್ವ. ಮುಚ್ಚಿದ ಕೂಡ್ಲೆ ನಿದ್ದಿ ಹೋಗೋದು ಲ್ಯಾಪ್‌ಟಾಪಿನ ಹುಟ್ಟುಗುಣ, ಅದು ಮಲಗಿದ್ರ ವಿಳಾಸ ಹೇಳೋರಿಲ್ಲ, ನೆಟ್ ಇದ್ದೂ ಇಲ್ಲದಂಗ. logind.conf ಅನ್ನೋ ಫೈಲಿನಾಗ ಹ್ಯಾಂಡಲ್‌ಲಿಡ್‌ಸ್ವಿಚ್ ಅನ್ನೋ ಸೆಟ್ಟಿಂಗಿಗೆ 'ಇಗ್ನೋರ್', ಅಂದ್ರ ಮುಚ್ಚಿದ್ರ ಲಕ್ಷ್ಯ ಕೊಡಬ್ಯಾಡ, ಅಂತ ಬರದು ರೀಬೂಟ್ ಹೊಡೆದೆ. ಇನ್ನ ಮುಚ್ಚಿದ್ರೂ ಎಚ್ಚರ ಇರ್ತದ. ಆದ್ರ ಬಟ್ಟಿ ತಗಿ ಅಂತ ಹೇಳೋದು ಮರ್ತೆ, ಸಂಜಿಕೆ ಟೆಂಪರೇಚರ್ 91. ಅವ್ವ ಕೈ ಇಟ್ಟು ನೋಡಿ "ಹಂಚು ಬ್ಯಾಡ, ರೊಟ್ಟಿ ಇದರ ಮ್ಯಾಲೇ ಸುಡಬೌದು" ಅಂದ್ಲು.

ನಿಜವಾದ ಜಗಳ ಆದದ್ದು ಐತವಾರ. ಚಾ ಕುಡಕೋತ ಪೈ-ಹೋಲಿನ ಲಾಗ್ ನೋಡಕತ್ತಿದ್ದೆ, ಯಾವ ಫೋನು ಯಾವ ಹೊತ್ತಿಗೆ ಯಾವ ಸೈಟ್ ಕೇಳ್ತು ಅಂತ ಸಾಲಾಗಿ ಬರೆದಿರ್ತದ. ಅಪ್ಪನ ಫೋನಿಂದ ರಾತ್ರಿ 2:10ಕ್ಕ ಯೂಟ್ಯೂಬ್, 2:40ಕ್ಕ ಮತ್ತ ಯೂಟ್ಯೂಬ್. ಒಂಬತ್ತಕ್ಕ ಮಲಗ್ತೀನಿ ಅನ್ನೋ ಮನುಷ್ಯ! ಒಗ್ಗರಣಿ ಮಂಡಕ್ಕಿ, ಮಿರ್ಚಿ ತಿನ್ನೋ ಮುಂದ ಬಾಯಿ ಸುಮ್ನಿರಲಿಲ್ಲ, "ಅಪ್ಪ, ಎರಡು ಗಂಟೆಗ ಏನ್ ನೋಡ್ತಿದ್ದಿ?" ಅಂದುಬಿಟ್ಟೆ. ಅಪ್ಪನ ಕೈಯಾಗಿನ ಮಿರ್ಚಿ ಅಲ್ಲೇ ನಿಂತ್ತು. ಅವ್ವ ಒಮ್ಮೆ ಅಪ್ಪನ್ನ ನೋಡಿದ್ಲು, ಆಮ್ಯಾಲ ನನ್ನ ಕಡೆ ತಿರುಗಿ, "ಕಂಪನಿಯೋರು ನಮ್ಮನ್ನ ನೋಡ್ತಾರಂತ ಇದನ್ನ ತಂದಿಟ್ಟಿ, ಈಗ ನೀನಾ ನೋಡಕತ್ತೀಯಲ್ಲೋ" ಅಂದ್ಲು.

ಅದಕ್ಕ ನನ್ನ ಹತ್ರ ಉತ್ತರ ಇರಲಿಲ್ಲ. ಅವತ್ತೇ ಪೈ-ಹೋಲಿನ ಪ್ರೈವೆಸಿ ಲೆವೆಲ್ 3ಕ್ಕ ಏರಿಸಿದೆ, ಈಗ ಯಾರು ಏನ್ ಕೇಳಿದ್ರು ಅನ್ನೋದು ನನಗೂ ಕಾಣಂಗಿಲ್ಲ, ಬರೀ ಒಟ್ಟು ಎಷ್ಟು ಅನ್ನೋ ಲೆಕ್ಕ ಅಷ್ಟ.

ನಾಕು ದಿನ ಬಿಟ್ಟು ಅಪ್ಪ ಮೆಲ್ಲಕ ಬಾಜು ಬಂದು ಕುಂತ. "ಲೇ, ಆ ಯೂಟ್ಯೂಬಿನ ಆಡ್ ಮಾತ್ರ ಇನ್ನಾ ಬರ್ತಾವಲ್ಲ?" ಆಡ್, ವಿಡಿಯೋ ಎರಡೂ ಒಂದಾ ಮನಿಯಿಂದ ಬರ್ತಾವಪ್ಪ, ಬಾಗಿಲ ಹಾಕಿದ್ರ ಎರಡೂ ಹೋಗ್ತಾವ ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಒಮ್ಮೆಗೇ ಜೋರು ಬಡ್ಕೊಂತಾವ, ನಿಮ್ಮವ್ವ ಎದ್ದುಬಿಡ್ತಾಳ" ಅಂದ. ಮರುದಿನ ಬಜಾರಿಗೆ ಹೋಗಿ ಇಯರ್‌ಫೋನ್ ತಂದ್ಕೊಂಡ.